ಗುಡುಗಣ್ಣನ ಅಂಗೈ

ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿಯವನನ್ನು ಊರೆಲ್ಲ ಗುಡುಗಣ್ಣ ಎಂದೇ ಕರೆಯುತ್ತಿತ್ತು. ಮೂವತ್ತು ವರ್ಷ ಊರಿನ ಕಾರುಗಳ ಡಿಕ್ಕಿಯಲ್ಲಿ ಗುಡುಗು ತುಂಬಿದವನಿಗೆ ಇನ್ನೇನು ಹೆಸರಿಡುತ್ತಾರೆ? ಮಾತಿನ ಮಲ್ಲ ಬೇರೆ. ಗಿರಾಕಿ ಬಂದರೆ ಸಾಕು, ಸ್ಟೂಲು ಎಳೆದು ಕೂರಿಸಿ, ಬೇಡವೆಂದರೂ ಬಿಡದೆ ಪಾಠ ಶುರುಮಾಡುತ್ತಿದ್ದ. ಅದಕ್ಕೆ ಕಾರಣವಿತ್ತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಸಂಜೆ ಶಟರ್ ಎಳೆದರೆ, ಮರುದಿನ ಅದನ್ನು ಎತ್ತುವ ತನಕ ಅವನ ಜೊತೆ ಮಾತಾಡುವವರು ಒಬ್ಬರೂ ಇರಲಿಲ್ಲ. ಅಂಗಡಿ ಹೋದರೆ ಮನುಷ್ಯರೇ ಹೋದಂತೆ.

ಅಂಗಡಿ ಹೋಗುವ ಭಯವೂ ಹುಟ್ಟಿಕೊಂಡಿತ್ತು. ಕಿವಿ ಕೈಕೊಟ್ಟಿತ್ತು. ಎದುರಿಗಿದ್ದವರ ಮಾತು ತುಟಿ ನೋಡಿ ತಿಳಿಯುತ್ತಿತ್ತು, ಹಾಡಿಗೆ ತುಟಿಯಿಲ್ಲವಲ್ಲ. ಅದಕ್ಕೇ ಅವನು ಕೈಯನ್ನೇ ಕಿವಿ ಮಾಡಿಕೊಂಡಿದ್ದ. ಸ್ಪೀಕರಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನೋಡಿದವರು ಎಂಥ ಅನುಭವ ಎಂದು ಬೆರಗಾಗುತ್ತಿದ್ದರು. ಕಿವುಡ ಫಿಟ್ಟರನ ಹತ್ತಿರ ಯಾರು ಬರುತ್ತಾರೆ? ಅವನು ಗುಟ್ಟು ಬಿಟ್ಟುಕೊಡಲಿಲ್ಲ.

ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ಬಂದರು.

"ದಿನವಿಡೀ ಆ ಡ್ರಿಲ್ಲು ಕಿರ್ ಅಂತಿರತ್ತೆ. ಮನೆಗೆ ಹೋಗೋವಾಗ ಕಿವಿಗೆ ಏನಾದ್ರೂ ದಪ್ಪ ದನಿ ಬೇಕು ನೋಡಿ."

ಗುಡುಗಣ್ಣ ಅರಳಿದ. "ಹಾಗಾದ್ರೆ ಸಬ್‌ವೂಫರೇ ಬೇಕು. ಹತ್ತಿಂಚಿಂದು ಎರಡು ಸಾಕು. ಹನ್ನೆರಡಿಂಚಿಂದು ಹಾಕಿದ್ರೆ ನಿಮ್ಮ ಡಿಕ್ಕೀಲಿ ಒಂದು ಚೀಲಕ್ಕೂ ಜಾಗ ಇರಲ್ಲ."

"ಆಂಪ್ಲಿಫೈಯರ್ ದೊಡ್ಡದೇ ಹಾಕಿಬಿಡಿ."

"ದೊಡ್ಡದಲ್ಲ ಡಾಕ್ಟ್ರೇ, ಹೊಂದೋದು. ನಾಲ್ಕು ಓಮಿನ ಎರಡು ಸ್ಪೀಕರು ಜೊತೆಗೆ ಕಟ್ಟಿದ್ರೆ ಆಂಪಿಗೆ ಕಾಣೋದು ಎರಡೇ ಓಮು, ತಡೆ ಕಮ್ಮಿ, ಕರೆಂಟು ಜಾಸ್ತಿ. ಅದನ್ನ ತಡ್ಕೊಳ್ಳೋ ಆಂಪು ಬೇಕು, ಇಲ್ಲಾಂದ್ರೆ ಕಾದು ಸುಟ್ಟೇ ಹೋಗತ್ತೆ. ವ್ಯಾಟೂ ಸ್ಪೀಕರಿಗೆ ತಕ್ಕಷ್ಟೇ ಇರ್ಬೇಕು."

ಹುಡುಕಿ ಹುಡುಕಿ ಸರಿಯಾದ ಆಂಪನ್ನೇ ತೆಗೆದ. ಅದರಲ್ಲಿ ಅವನು ತಪ್ಪುವವನಲ್ಲ. ಸ್ಪೀಕರ್ ಕೂರಿಸಿ, ತಂತಿ ಎಳೆದು, ಹಾಡು ಹಾಕಿ, ಒಂದೊಂದರ ಮೇಲೆ ಒಂದೊಂದು ಅಂಗೈ ಊರಿದ. ಎರಡೂ ಗುದ್ದುತ್ತಿದ್ದವು.

"ಭರ್ಜರಿ!" ಎಂದ.

ಸೀಟಿನಲ್ಲಿದ್ದ ಡಾಕ್ಟರಮ್ಮ ಅವನತ್ತ ತಿರುಗಿ ಹುಬ್ಬು ಗಂಟಿಕ್ಕಿದರು. "ದಪ್ಪ ದನೀನೇ ಇಲ್ವಲ್ಲ. ಮೊದಲಿಗಿಂತ ಪೀಚಾಗಿದೆ."

"ಹೊಸದು, ಪಳಗ್ಬೇಕು."

ಹೇಳಿದ್ದೇನೋ ಹೇಳಿದ, ಅನುಮಾನ ಬಿಡಲಿಲ್ಲ. ಬಗ್ಗಿ ನೋಡಿದರೆ ಒಂದು ಸ್ಪೀಕರಿನ ಎರಡು ತಂತಿ ಅದಲುಬದಲಾಗಿದ್ದವು. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಒಂದರ ದನಿಯನ್ನು ಇನ್ನೊಂದು ನುಂಗಿಹಾಕುತ್ತಿತ್ತು. ಅಂಗೈಗೇನು ಗೊತ್ತು, ಅದಕ್ಕೆ ಎರಡೂ ಗುದ್ದು ಒಂದೇ. ಕಿವಿಯಿದ್ದವನು ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದ ತಪ್ಪು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

ತಲೆತಗ್ಗಿಸಿ ತಂತಿ ಬದಲಿಸಿ ಬಿಗಿಯುತ್ತಿದ್ದಾಗ ಯಾರೋ ಭುಜ ಮುಟ್ಟಿದರು. ತಿರುಗಿದರೆ ಡಾಕ್ಟರಮ್ಮ ಬೆನ್ನ ಹಿಂದೆಯೇ ನಿಂತಿದ್ದರು.

"ಮೂರು ಸಲ ಕರೆದೆ. ಕೇಳಿಸ್ಲಿಲ್ವಾ?"

ಅವನು ಸ್ಕ್ರೂ ಅರ್ಧಕ್ಕೇ ಬಿಟ್ಟು ಎದ್ದು ನಿಂತ.

"ಯಾವಾಗಿಂದ ಹೀಗೆ?"

ಇಷ್ಟು ದಿನ ಸಲೀಸಾಗಿ ಬರುತ್ತಿದ್ದ ಸುಳ್ಳು ಈಗ ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ."

"ಅದ್ಹೇಗೆ ಗೊತ್ತಾಗಲ್ಲ? ಮನೇಲಿ ಯಾರಾದ್ರೂ ಕೂಗಿ ಕೂಗಿ ಬೈದಿರ್ತಾರಲ್ಲ."

ಗುಡುಗಣ್ಣ ಸ್ಕ್ರೂಡ್ರೈವರ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮನೇಲಿ ಯಾರೂ ಕೂಗಲ್ಲ ಡಾಕ್ಟ್ರೇ," ಎಂದ. "ಕೂಗಿದ್ರೆ ಗೊತ್ತಾಗೋದು."