ವಾಹೀದರು ಸಾಫ್ ಮಾಡಿದ ನಕಾಶೆ

ಅಬ್ದುಲ ವಾಹೀದರಿಗೆ ಈಗ ಐವತ್ತೊಂಬತ್ತು. ಅದರಲ್ಲಿ ನಲವತ್ತು ವರ್ಷ ಕಾಗದದ ಧೂಳು ಕುಡಿದೇ ಕಳೆದಿದೆ. ಮೊದಲು ಬೀದರ ಬಸ್ ನಿಲ್ದಾಣದ ಹೊರಗೆ ಅವರದೊಂದು ಪತ್ರಿಕೆ ಅಂಗಡಿಯಿತ್ತು. ಕನ್ನಡ, ಮರಾಠಿ, ಉರ್ದು ವಾರಪತ್ರಿಕೆಗಳು ಹಗ್ಗಕ್ಕೆ ಜೋತುಬಿದ್ದಿರುತ್ತಿದ್ದವು. ಬಸ್ಸು ಹತ್ತುವ ಮುಂಚೆ ಜನ ಒಂದನ್ನು ಎಳೆದುಕೊಂಡು ಹತ್ತುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಅಂಗಡಿಗೆ ನೊಣವೂ ಬರದಾಯಿತು. ಮಾರದೆ ಉಳಿದ ಕಟ್ಟುಗಳನ್ನು ಮನೆಗೆ ಹೊತ್ತು ತಂದ ದಿನ ಹೆಂಡತಿ ಸುಗರಾ, ಇನ್ನು ನಾವು ಎಲ್ಲಿ ಮಲಗಬೇಕು ಎಂದಷ್ಟೇ ಕೇಳಿದಳು.

ಮಗಳು ಶೈಸ್ತಾ ಆ ಕಟ್ಟುಗಳ ಫೋಟೊ ತೆಗೆದು, ಹಳೇ ಸಾಮಾನು ಮಾರುವ ಜಾಲತಾಣಕ್ಕೆ ಹಾಕಿದಳು. ಜನರ ರೀತಿ ನೋಡಿ: ಹೊಸದಿದ್ದಾಗ ಯಾರೂ ಮೂಸದ ಸಂಚಿಕೆಯನ್ನು ಮೂವತ್ತು ವರ್ಷದ ಮೇಲೆ ಪುಣೆಯವರು, ಹೈದರಾಬಾದಿನವರು ಕಾಡಿ ಬೇಡಿ ಕೇಳತೊಡಗಿದರು. ಶೈಸ್ತಾ ಮದುವೆಯಾಗಿ ಹೋದಳು. ಫೋನು ವಾಹೀದರ ಕೊರಳಿಗೆ ಬಿತ್ತು.

ಅಂದಿನಿಂದ ವಾರಕ್ಕೆರಡು ಸಲ ಭಾಲ್ಕಿಗೋ ಔರಾದಿಗೋ ಹೋಗಿ, ರದ್ದಿ ಅಂಗಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕಟ್ಟು ಬಿಚ್ಚುವುದು. ಏಳುವಾಗ ಮೊಣಕಾಲು ಲಟಲಟ ಅನ್ನುತ್ತದೆ. ಬರುವಾಗ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಮನೆಗೆ ಬಂದರೆ ಗಿರಾಕಿಗಳ ಪ್ರಶ್ನೆಗಳು: ಹುಳ ತಿಂದಿದೆಯೇ, ವಾಸನೆ ಇದೆಯೇ, ಹಿಂದಿನ ರಕ್ಷಾಪುಟದ ಇನ್ನೊಂದು ಫೋಟೊ ಹಾಕುತ್ತೀರಾ. ಎಲ್ಲಾ ಕೇಳಿ, ವಿಚಾರ ಮಾಡಿ ಹೇಳುತ್ತೇನೆ ಎಂದು ಮಾಯವಾಗುತ್ತಾರೆ. ವಾಹೀದರಿಗೆ ಈ ಕೆಲಸದ ಮೇಲೆ ಬೇಜಾರಿಲ್ಲ. ಬೇಜಾರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ದಣಿವು, ನಿದ್ದೆ ಮಾಡಿ ಎದ್ದರೂ ಹಾಸಿಗೆಯ ಪಕ್ಕದಲ್ಲೇ ಕಾದು ಕೂತಿರುವಂಥದ್ದು.

ಎಲ್ಲ ಗಿರಾಕಿಗಳೂ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಮೇಲೆ ಏನಾದರೂ ಬರೆದಿದೆಯೇ? ಹಳೇ ಕಾಗದ ಬೇಕು, ಆದರೆ ಅದನ್ನು ಯಾರೂ ಮುಟ್ಟಿರಬಾರದು. ನಮ್ಮ ಮಂದಿಯೋ ಪತ್ರಿಕೆ ಕೈಗೆ ಬಂದರೆ ಮೊದಲು ಹೆಸರು ಬರೆಯುವವರು, ಆಮೇಲೆ ಹಾಲಿನ ಲೆಕ್ಕ. ಹಾಗಾಗಿ ವಾಹೀದರು ಅಳಿಸುವುದರಲ್ಲಿ ಪಳಗಿದ್ದರು. ಮೊದಲು ಮೆತ್ತನೆಯ ರಬ್ಬರು, ಆಮೇಲೆ ಬೇಕರಿಯ ಪಾವ್ ಬ್ರೆಡ್ಡಿನ ಒಳಗಿನ ತಿರುಳು, ಕೊನೆಗೆ ಹತ್ತಿ. ಪೆನ್ಸಿಲ್ಲಿನ ಗೆರೆ ಇತ್ತೆಂದು ಆಣೆ ಮಾಡಿ ಹೇಳಿದರೂ ಯಾರೂ ನಂಬಬಾರದು, ಅಷ್ಟು ಸಾಫ್. ಬದುಕಿನಲ್ಲಿ ಅವರು ಜಂಬ ಪಟ್ಟದ್ದು ಇದೊಂದಕ್ಕೇ.

ಈ ಚಳಿಗಾಲದಲ್ಲಿ ಔರಾದಿನ ಚಾಂದ ಪಾಶಾನ ರದ್ದಿ ಅಂಗಡಿಯಲ್ಲಿ ಅವರಿಗೊಂದು ನಕಾಶೆ ಸಿಕ್ಕಿತು. ನಿಜಾಮರ ಕಾಲದಲ್ಲಿ ಅಚ್ಚಾದದ್ದು, ಹಿಂದೆ ಬಟ್ಟೆ ಅಂಟಿಸಿದ್ದು. ಔರಾದ ಕಡೆಯ ಹಳ್ಳಿಗಳ ಹೆಸರೆಲ್ಲ ಉರ್ದುವಿನಲ್ಲಿ. ಅಂಥದ್ದು ಹತ್ತು ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಆದರೆ ಮೈತುಂಬಾ ಪೆನ್ಸಿಲ್ ಗುರುತು. ಹಳ್ಳಿ ಹಳ್ಳಿಗೂ ಒಂದು ಕತ್ತರಿ ಗುರುತು, ಅಲ್ಲೊಂದು ಇಲ್ಲೊಂದು ಸೊನ್ನೆ. ಯಾವನಪ್ಪಾ ಈ ಪುಣ್ಯಾತ್ಮ ಎಂದು ಬೈಯುತ್ತ ವಾಹೀದರು ಎರಡು ದಿನ ಮೂಗು ಹಚ್ಚಿ ಕೂತು ಎಲ್ಲವನ್ನೂ ಅಳಿಸಿದರು. ಫೋಟೊ ಹಾಕಿದ ಸಂಜೆಯೇ ಪುಣೆಯವನೊಬ್ಬ ಬೇಕೆಂದ.

ಮರುದಿನ ಒಬ್ಬ ಹೆಂಗಸಿನ ಫೋನು ಬಂತು.

"ವಾಹೀದಭಾಯ್ ಏನ್ರಿ? ಔರಾದದಾಗ ಚಾಂದ ಪಾಶಾ ನಿಮ್ಮ ನಂಬರ ಕೊಟ್ಟಾನ್ರಿ. ಆ ನಕಾಶಿ ಇನ್ನೂ ಅದ ಏನ್ರಿ?"

ಇನ್ನೊಬ್ಬ ಗಿರಾಕಿ ಎಂದುಕೊಂಡ ವಾಹೀದರು ದಿನಾ ಹೇಳುವುದನ್ನೇ ಹೇಳಿದರು. "ಅದ ರೀ ಅಕ್ಕಾ. ಭಾಳ ಸಾಫ್ ಅದ. ಒಂದು ಗೆರಿ ಸುದ್ದಾ ಇಲ್ರಿ ಮ್ಯಾಲ."

ಫೋನು ಕಟ್ಟಾಯಿತೇನೋ ಎಂದು ಅವರು ಎರಡು ಸಲ ಹಲೋ ಅಂದರು.

"ನಾ ನಾಳಿ ಬರ್ತೇನ್ರಿ," ಅಂದಳು ಆಕೆ.

ಆಕೆಯ ಹೆಸರು ಮಹಾಮಾಯಾ. ಭಾಲ್ಕಿಯಿಂದ ಮುಂಜಾನೆಯ ಬಸ್ಸಿಗೆ ಬಂದಳು. ಹೋದ ವರ್ಷ ನರ್ಸ್ ಕೆಲಸದಿಂದ ನಿವೃತ್ತಳಾದವಳು. ಸುಗರಾ ಚಹಾ ತಂದಿಟ್ಟಳು. ವಾಹೀದರು ನಕಾಶೆ ಬಿಡಿಸಿದರು. ಮಹಾಮಾಯಾ ಕನ್ನಡಕ ಹಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿದಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದಳು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಛಲೋ ಮಾಡೀರಿ," ಅಂದಳು. "ಹೊಸಾದು ಕಂಡಂಗ ಕಾಣಸ್ತದ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾಹೀದರು ಚಹಾದ ಕಪ್ಪು ಕೆಳಗಿಟ್ಟರು.

ಅವಳೇ ಹೇಳಿದಳು. ಅವಳ ಅಪ್ಪ ಅಶ್ವಜಿತ ಸಿಡುಬಿನ ಲಸಿಕೆ ಹಾಕುವ ನೌಕರ. ಉರ್ದು ಶಾಲೆಯಲ್ಲಿ ಓದಿದವನು. ಈ ನಕಾಶೆ ಹಿಡಿದು ಊರೂರು ನಡೆದವನು. "ಊರ ಮಂದಿ ರಟ್ಟಿ ಮುಂದ ಮಾಡಿ ಸೂಜಿ ಹಾಕಿಸ್ಕೋತಿದ್ರು, ಭಾಯ್. ಬಿಸಲಾಗ ನೀರ ಕೇಳಿದ್ರ ದೂರ ನಿಂದರ್ತಿದ್ರು. ನೀರ ಕೊಡದ ಊರಿಗಿ ಕತ್ರಿ ಹಾಕ್ಯಾನ. ಕೊಟ್ಟ ಊರಿಗಿ ಸೊನ್ನಿ."

ವಾಹೀದರು ನೆಲ ನೋಡಿದರು. ಎರಡು ದಿನ ಅಳಿಸಿದ್ದರಲ್ಲಿ ಬಹುಪಾಲು ಕತ್ತರಿಗಳೇ.

"ಒಂದ ಊರಾಗ ಒಬ್ಬಾಕಿ ಮುದುಕಿ ಒಳಗ ಕರದು, ಕಟ್ಟಿ ಮ್ಯಾಲ ಕೂಡಿಸಿ, ತನ್ನ ತಂಬಗಿಲಿಂದನ ನೀರ ಕೊಟ್ಟಾಳ. ಆಕಿ ಹೆಸರ ಅಪ್ಪ ಯಾರಿಗೂ ಹೇಳಲಿಲ್ಲ. ಹೇಳಿದ್ರ ಊರಾಗ ಆಕೀಗಿ ತ್ರಾಸ ಆಗ್ತದ ಅಂತಿದ್ದ. ಸಾಯೂವಾಗ ಕೇಳಿದ್ರ, ನಕಾಶಿದಾಗ ಬರದೀನಿ ಅಂದ. ನನಗ ಉರ್ದು ಬರಂಗಿಲ್ಲ. ನೋಕ್ರಿ, ಮಕ್ಕಳು ಅಂತ ದಿನಾ ಹೋದ್ವು. ಈಗ ಆಕಿ ಮನಿಗಿ ಹೋಗಬೇಕಂತ ಮಾಡಿದ್ದೆ. ತಮ್ಮ ನಾಗಸೇನ ಮನಿಗಿ ಸುಣ್ಣಾ ಹೊಡಸೂವಾಗ ಟ್ರಂಕಿನ್ಯಾಗಿನ ಕಾಗದ ಎಲ್ಲಾ ರದ್ದಿಗಿ ಹಾಕ್ಯಾನ."

ಅವಳು ಚೀಲದಿಂದ ನೋಟುಬುಕ್ಕು, ಪೆನ್ನು ತೆಗೆದಳು. "ಆ ಅಕ್ಷರ ಕಡೀಗಿ ನೋಡಿದವ್ರು ನೀವ ಒಬ್ರ, ಭಾಯ್. ಏನ ಬರದಿತ್ರಿ?"

ವಾಹೀದರಿಗೆ ಉರ್ದು ತಾಯಿನುಡಿ. ಒಂದು ಸೊನ್ನೆಯ ಪಕ್ಕದಲ್ಲಿ ಪುಟ್ಟ ಅಕ್ಷರದ ಒಂದು ಸಾಲು ಇತ್ತು, ಅದೂ ನೆನಪಿದೆ. ಕಾಗದ ಹರಿದೀತೆಂದು ಅಲ್ಲಿ ಪಾವಿನ ತಿರುಳಲ್ಲೇ ನಿಧಾನಕ್ಕೆ ಉಜ್ಜಿದ್ದರು. ಆದರೆ ಅಳಿಸುವವನಿಗೆ ಅಕ್ಷರ ಬರೀ ಕೊಳೆ. ಯಾವುದಾದರೂ ಒಂದು ಮುದುಕಿಯ ಹೆಸರು ಹೇಳಿಬಿಟ್ಟರೆ ಈ ಹೆಂಗಸು ಸಮಾಧಾನದಿಂದ ಎದ್ದು ಹೋಗುತ್ತಾಳೆ ಎಂದು ಒಂದು ಕ್ಷಣ ಅನಿಸಿತು. ಜಿಜಾಬಾಯಿ ಎಂಬ ಹೆಸರು ನಾಲಿಗೆಯ ತುದಿಗೇ ಬಂದಿತ್ತು.

"ಓದಲಿಲ್ರಿ ಅಕ್ಕಾ," ಅಂದರು. "ಬರೇ ಅಳಿಸಿದೆ."

ಮಹಾಮಾಯಾಳ ಪೆನ್ನು ಹಾಗೇ ನಿಂತಿತು. ವಾಹೀದರಿಗೆ ನಲವತ್ತು ವರ್ಷದ ದಣಿವೆಲ್ಲ ಒಮ್ಮೆಲೇ ಹೆಗಲ ಮೇಲೆ ಕೂತಂತಾಯಿತು. ಪುಣೆಯವನಿಗೆ ಕೊಡುವುದಿಲ್ಲ, ನೀವೇ ಒಯ್ಯಿರಿ ಎಂದು ನಕಾಶೆ ಮಡಚಿ ಅವಳ ಮುಂದಿಟ್ಟರು.

"ಬ್ಯಾಡ್ರಿ. ಇದರಾಗ ನಮ್ಮಪ್ಪ ಎಲ್ಲಿದ್ದಾನ?" ಅವಳು ಅದನ್ನು ಮುಟ್ಟಲಿಲ್ಲ. ನೋಟುಬುಕ್ಕಿನ ಹೊಸ ಪುಟ ತಿರುವಿ ಕೇಳಿದಳು, "ಅಕ್ಷರ ಯಾವ ಕಡೀಗಿ ಇದ್ವು, ಅದರ ನೆನಪದ ಏನ್ರಿ?"

ನೆನಪಿತ್ತು. ಕೈಗೆ ನೆನಪಿತ್ತು. ಅವರು ನಕಾಶೆಯನ್ನು ಮತ್ತೆ ಬಿಡಿಸಿ ಮಹಾರಾಷ್ಟ್ರದ ಗಡಿಯ ಹತ್ತಿರ ಅಂಗೈ ಇಟ್ಟರು. "ಡಾಬಕಾ ಸುತ್ತಮುತ್ತ. ಇಷ್ಟರಾಗ ಎಲ್ಲ್ಯರ ಒಂದ ಕಡಿ."

"ಎಷ್ಟ ಊರ ಆಗ್ತಾವ್ರಿ?"

ಅಂಗೈ ಸರಿಸಿ ಎಣಿಸಿದರು. ಎಂಟು.

"ಓದ್ರಿ, ಬರಕೋತೇನಿ."

ವಾಹೀದರು ಉರ್ದು ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದರು. ಕಣ್ಣು ಮಂಜಾದಾಗ ನಿಲ್ಲಿಸಿ ಒರೆಸಿಕೊಂಡು ಮತ್ತೆ ಓದಿದರು. ಅವಳು ಎಂಟೂ ಹೆಸರನ್ನು ಕನ್ನಡದಲ್ಲಿ ಬರೆದು, ನೋಟುಬುಕ್ಕು ಚೀಲಕ್ಕೆ ಹಾಕಿ ಎದ್ದಳು. ಆ ಮುದುಕಿ ಎಂದೋ ಹೋಗಿರುತ್ತಾಳೆ, ಆ ಮನೆಯವರಿಗೂ ಇದು ಗೊತ್ತಿರುವುದಿಲ್ಲ, ಹೋಗಿ ಏನು ಮಾಡುತ್ತೀರಿ ಎಂದು ವಾಹೀದರು ಕೇಳಿದರು.

"ಎಂಟೂ ಊರಿಗಿ ಹೋಗ್ತೇನ್ರಿ," ಅಂದಳು ಮಹಾಮಾಯಾ, ಚಪ್ಪಲಿಯಲ್ಲಿ ಕಾಲು ಹಾಕುತ್ತ. "ನಾ ಅಶ್ವಜಿತನ ಮಗಳು, ನೀರ ಕೊಡ್ರಿ ಅಂತ ಕೇಳ್ತೇನಿ."