ಅರವತ್ತನಾಲ್ಕನೆಯ ನಿಯಮ

ಅತ್ತೆಯ ಕತ್ತು ಎಡಕ್ಕೆ ಒಂದಿಷ್ಟು ವಾಲಿಕೊಂಡೇ ಇರುತ್ತದೆ. ಹತ್ತೊಂಬತ್ತು ವರ್ಷ ಎಡಗಡೆಯ ಪರದೆಯಲ್ಲಿ ಓದಿ ಬಲಗಡೆಯ ಪರದೆಯಲ್ಲಿ ಟೈಪ್ ಮಾಡಿದ್ದರ ಫಲ. ಅವಳ ಕೆಲಸ ಔಷಧಿಯ ಸಗಟು ಮಳಿಗೆಯೊಂದರಲ್ಲಿ. ಅಂಗಡಿಗಳು, ಆಸ್ಪತ್ರೆಗಳು ಕಳಿಸುವ ಆರ್ಡರ್‌ಗಳು ಒಂದು ಸಾಫ್ಟ್‌ವೇರ್‌ಗೆ ಬಂದು ಬೀಳುತ್ತಿದ್ದವು. ಗೋದಾಮಿನ ದಾಸ್ತಾನು ಇನ್ನೊಂದರಲ್ಲಿತ್ತು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರಿಂದ ಕೊಂಡ ಅವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ಅತ್ತೆ ಕೂತಿದ್ದಳು. ಓದುವ ಸಾಲಿನ ಕೆಳಗೆ ಉಕ್ಕಿನ ಅಡಿಪಟ್ಟಿ ಹಿಡಿದು, ತುಟಿಯಲ್ಲೇ ಅಂಕಿ ಹೇಳಿಕೊಳ್ಳುತ್ತ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದಳು.

ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಅಂಗಡಿಗೆ ಹೊರಟ ಮಾವನನ್ನು ಬಾಗಿಲಲ್ಲಿ ನಿಲ್ಲಿಸಿ, "ಸೋಪು ಎರಡು, ಬೆಂಕಿಪೊಟ್ಟಣ ಒಂದು. ಎಲ್ಲಿ, ಇನ್ನೊಂದ್ಸಲ ಹೇಳಿ ನೋಡೋಣ," ಎನ್ನುವಳು.

"ಬಸ್ಸು ತುಂಬಾ ಜನಕ್ಕೆ ಬಾಯಲ್ಲೇ ಲೆಕ್ಕ ಹೇಳಿದೋನು ಕಣೇ ನಾನು. ನಿನ್ನ ಗೋದಾಮಲ್ಲ," ಎಂದು ಮಾವ ಗೊಣಗುವರು. ಅವರು ಕಂಡಕ್ಟರ್ ಆಗಿದ್ದವರು. ಮಂಡಿ ಸವೆದು ಅವಧಿಗೆ ಮುಂಚೆಯೇ ಮನೆ ಸೇರಿದ್ದರು. ಮನೆ ನಡೆಯುತ್ತಿದ್ದುದು ಅತ್ತೆಯ ಸಂಬಳದಲ್ಲಿ.

ವರ್ಷ ಕಳೆದಂತೆ ಮಳಿಗೆಯಲ್ಲಿ ಸಾಫ್ಟ್‌ವೇರ್‌ಗಳು ಹೆಚ್ಚಿದವು. ಶೀತಕೋಣೆಗೆ ಒಂದು, ವ್ಯಾನುಗಳಿಗೆ ಒಂದು, ಬಿಲ್ಲಿಗೆ ಇನ್ನೊಂದು. ಆರ್ಡರ್‌ಗಳನ್ನು ಮುದ್ರಿಸಿದ ಚೀಟಿಗಳು ಅತ್ತೆಯ ಮೇಜಿನ ಮೇಲೆ ರಾಶಿ ಬಿದ್ದವು. ಆಗ ಮ್ಯಾನೇಜರು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆತಂದರು. ಅವಳು ಅತ್ತೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಹಳೆಯ ಚೀಟಿಯ ಬೆನ್ನಿನ ಮೇಲೆ ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆದಳು.

"ಎರಡೇ ಇದ್ರೆ ನೇರವಾಗಿ ಒಂದಕ್ಕೊಂದು ಜೋಡಿಸಿಬಿಡಬಹುದು ಮೇಡಂ. ನಡುವೆ ದೊಡ್ಡ ಏರ್ಪಾಡೇನೂ ಬೇಡ. ಈಗ ಐದಿವೆ. ಎಲ್ಲಾನೂ ಎಲ್ಲದಕ್ಕೂ ಜೋಡಿಸ್ತಾ ಹೋದ್ರೆ ಹತ್ತು ಗೆರೆ. ಒಂದು ಬದಲಾದ್ರೆ ನಾಲ್ಕು ಕಡೆ ರಿಪೇರಿ." ಇನ್ನೂ ಮೂರು ಸೊನ್ನೆ ಸೇರಿಸಿ, ಐದರ ನಡುವೆ ಅವಳು ದೊಡ್ಡದೊಂದು ಸೊನ್ನೆ ಬರೆದಳು. "ಅದಕ್ಕೇ ಇದು, ಅಪ್ಲಿಕೇಶನ್ ಸರ್ವರ್. ಐದೂ ಇದರ ಹತ್ರಾನೇ ಮಾತಾಡ್ತವೆ. ಯಾವುದು ಎಲ್ಲಿಗೆ ಹೋಗ್ಬೇಕು, ಯಾವಾಗ, ಏನು ಬದಲಾಯಿಸಿ ಕಳಿಸ್ಬೇಕು, ಆ ನಿಯಮ ಎಲ್ಲಾ ಇದರ ಹೊಟ್ಟೇಲಿರತ್ತೆ."

ಅತ್ತೆ ಆ ಸೊನ್ನೆಯನ್ನು ನೋಡಿದಳು. "ಅದು ನಾನಲ್ವೇನಮ್ಮ?"

ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದಳು.

ಮ್ಯಾನೇಜರು ಒಳ್ಳೆಯ ಮಾತನ್ನೇ ಆಡಿದರು. "ನೀವೇನೂ ಹೆದರಬೇಡಿ. ನಿಯಮ ಬರೆಸಿಕೊಡಿ. ಆಮೇಲೆ ಅದನ್ನ ನೋಡ್ಕೊಳ್ಳೋಕೆ ನಂಬಿಕಸ್ಥರು ಒಬ್ರು ಬೇಕೇ ಬೇಕಲ್ಲ."

ಒಂಬತ್ತು ದಿನ ಅತ್ತೆ ಹೇಳಿದಳು, ಹುಡುಗಿ ಬರೆದುಕೊಂಡಳು. ಮಕ್ಕಳ ಆಸ್ಪತ್ರೆಯವರು ಬಾಟಲಿ ಲೆಕ್ಕದಲ್ಲಿ ಕೇಳುತ್ತಾರೆ, ಗೋದಾಮು ಎಣಿಸುವುದು ಡಬ್ಬಿ ಲೆಕ್ಕದಲ್ಲಿ; ಹನ್ನೆರಡರಿಂದ ಭಾಗಿಸಬೇಕು. ಸೇತುವೆಯಾಚೆಯ ಅಂಗಡಿಗೆ ಗುರುವಾರ ರಜೆ. ಅವರ ಸರಕು ಬುಧವಾರವೇ ಹೊರಡಬೇಕು. ಹೀಗೆ ಅರವತ್ತಮೂರು ನಿಯಮ. ಇಷ್ಟೆಲ್ಲ ತನ್ನ ತಲೆಯಲ್ಲಿತ್ತೆಂದು ಅತ್ತೆಗೂ ಗೊತ್ತಿರಲಿಲ್ಲ. ಸಂಜೆ ಮನೆಯಲ್ಲಿ ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

ಕೊನೆಯ ದಿನ ಹುಡುಗಿ ಕೇಳಿದಳು, "ಆರ್ಡರ್ ಬಂದ ಮೇಲೆ ಯಾವುದನ್ನಾದ್ರೂ ಕಾಯಿಸ್ಬೇಕಾ ಮೇಡಂ? ತಕ್ಷಣ ಕಳಿಸಬಾರದು ಅನ್ನೋವಂಥದ್ದು?"

"ಇಲ್ಲಮ್ಮ. ನಾನು ಯಾರನ್ನೂ ಕಾಯಿಸಿದೋಳಲ್ಲ."

ಹುಡುಗಿ ಅದನ್ನೂ ಬರೆದುಕೊಂಡಳು.

ಸೋಮವಾರ ಸರ್ವರ್ ಶುರುವಾಯಿತು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಇಪ್ಪತ್ತೆರಡು ಆರ್ಡರ್‌ಗಳು ರದ್ದಾದವು. ಎಲ್ಲವೂ ತಣ್ಣಗೆ ಇಡಬೇಕಾದ ಔಷಧಿಗಳು: ಇನ್ಸುಲಿನ್, ಲಸಿಕೆ. ದಾಸ್ತಾನಿಲ್ಲ ಎಂಬ ಉತ್ತರ ತಾನಾಗಿಯೇ ಗಿರಾಕಿಗಳಿಗೆ ಹೋಗಿಬಿಟ್ಟಿತ್ತು. ಶೀತಕೋಣೆಯ ಕಪಾಟುಗಳು ಮಾತ್ರ ತುಂಬಿದ್ದವು. ಹುಡುಗಿ ಅರವತ್ತಮೂರನ್ನೂ ಮತ್ತೆ ಮತ್ತೆ ಪರೀಕ್ಷಿಸಿದಳು. ತಪ್ಪು ಸಿಗಲಿಲ್ಲ. ಮಂಗಳವಾರವೂ ಅದೇ ಕತೆ. "ಇನ್ನೆರಡು ದಿನ ನೋಡ್ತೀನಿ," ಎಂದರು ಮ್ಯಾನೇಜರು. "ಆಮೇಲೆ ಇದನ್ನ ಕಿತ್ತು ಬಿಸಾಕಿ ಹಳೇ ಥರಾನೇ ಮಾಡೋಣ."

ಆ ದಿನ ಹತ್ತೂವರೆಗೆ, ಮಾಡಲು ಕೆಲಸವಿಲ್ಲದೆ ಕೂತಿದ್ದ ಅತ್ತೆಯ ಎದುರಿನಿಂದ ಶೀತಕೋಣೆಯ ನೌಕರ ಹಾದುಹೋದ. ಮಂಜು ಹಿಡಿದ ಕನ್ನಡಕವನ್ನು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, ತನ್ನ ಕಂಪ್ಯೂಟರಿನ ಮುಂದೆ ಕೂತು, ಆ ದಿನದ ಎಣಿಕೆ ತುಂಬತೊಡಗಿದ. ಅವನು ಮುಗಿಸುವಾಗ ಹನ್ನೊಂದು. ಹಿಂದಿನ ದಿನದ ಎಣಿಕೆ ರಾತ್ರಿಯೇ ಅಳಿಸಿಹೋಗುತ್ತಿದ್ದುದರಿಂದ, ಅಲ್ಲಿಯವರೆಗೆ ಶೀತಕೋಣೆಯ ಲೆಕ್ಕದಲ್ಲಿ ಎಲ್ಲವೂ ಸೊನ್ನೆ.

ಅತ್ತೆಗೆ ಆಗ ತಿಳಿಯಿತು. ದಿನಾ ಬೆಳಿಗ್ಗೆ ತಣ್ಣನೆಯ ಔಷಧಿಗಳ ಚೀಟಿಗಳನ್ನು ಅವಳು ಪಕ್ಕಕ್ಕೆ ಸರಿಸಿ, ಬೇರೆಯವನ್ನೆಲ್ಲ ಮುಗಿಸಿ, ಟೀ ಕುಡಿದು ಬಂದ ಮೇಲೆ ಎತ್ತಿಕೊಳ್ಳುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಶೀತಕೋಣೆಗೆ ಸಾಫ್ಟ್‌ವೇರ್ ಬಂದ ಮೊದಲ ವರ್ಷ ಒಂದೆರಡು ಸಲ ಏಟು ತಿಂದ ಕೈ ತಾನೇ ಕಲಿತಿತ್ತು. ಅವಳ ಲೆಕ್ಕದಲ್ಲಿ ಅದು ಕಾಯುವುದಾಗಿರಲಿಲ್ಲ, ಟೀ ಕುಡಿಯುವ ಹೊತ್ತಾಗಿತ್ತು.

ಅವಳು ಎದ್ದಳು. ಎರಡು ಹೆಜ್ಜೆ ಆಚೆ ಹುಡುಗಿ ತಲೆ ಹಿಡಿದುಕೊಂಡು ಕೂತಿದ್ದಳು. ಇನ್ನೆರಡು ದಿನ ಬಾಯಿ ಬಿಡದಿದ್ದರೆ ಮೇಜು ಉಳಿಯುತ್ತದೆ. ಅತ್ತೆ ನೀರು ಕುಡಿದು ಬಂದು ಮತ್ತೆ ಕೂತಳು. ಸಂಜೆಯವರೆಗೂ ಕೂತೇ ಇದ್ದಳು. ನಾಲ್ಕು ಗಂಟೆಗೆ ಒಂದು ಫೋನು ಬಂತು. ಸಣ್ಣ ಔಷಧಿ ಅಂಗಡಿಯ ಹೆಂಗಸು. "ಅಕ್ಕಾ, ಇನ್ಸುಲಿನ್ ನಿಜವಾಗ್ಲೂ ಇಲ್ವಾ? ಒಬ್ರು ಬೆಳಿಗ್ಗೆಯಿಂದ ಮೂರು ಸಲ ಬಂದು ಹೋದ್ರು. ಏನ್ ಹೇಳ್ಲಿ ಅವರಿಗೆ?"

"ನಾಳೆ ಬರತ್ತೆ ಅನ್ನಮ್ಮ," ಎಂದಳು ಅತ್ತೆ.

ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ ಹುಡುಗಿಗೆ ಹೇಳಿದಳು. ತಣ್ಣನೆಯ ಔಷಧಿಗಳ ಆರ್ಡರ್‌ಗಳನ್ನು ಹನ್ನೊಂದರವರೆಗೆ ಕಾಯಿಸುವಂತೆ ಹುಡುಗಿ ಒಂದು ಸಾಲು ಸೇರಿಸಿದಳು. ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಅರವತ್ತನಾಲ್ಕನೆಯ ನಿಯಮ. ಹನ್ನೊಂದಾದದ್ದೇ ಎಲ್ಲ ಆರ್ಡರ್‌ಗಳೂ ಸರಾಗವಾಗಿ ಹೊರಟವು.

ಮಧ್ಯಾಹ್ನ ಮ್ಯಾನೇಜರು ಕರೆದರು. ಹುಡುಗಿಯೂ ಅಲ್ಲೇ ಇದ್ದಳು, ತನ್ನ ನೋಟುಪುಸ್ತಕ ಬಿಚ್ಚಿಕೊಂಡು.

"ಕೇಳಿದಾಗ ಇಲ್ಲ ಅಂದ್ರಂತೆ. ಇಲ್ಲಿ ಬರೆದಿದೆ. ಇಷ್ಟು ವರ್ಷ ದಿನಾ ಮಾಡಿದ ಕೆಲಸ ಮರೆತುಹೋಗತ್ತಾ?"

"ಅದು ನಿಯಮ ಅಂತ ಗೊತ್ತಿರ್ಲಿಲ್ಲ ಸಾರ್. ಆ ಹೊತ್ತಿಗೆ ಟೀ ಕುಡೀತಿದ್ದೆ."

"ಇನ್ನೂ ಎಷ್ಟು ಬಚ್ಚಿಟ್ಟಿದೀರಿ?"

ಅತ್ತೆ ಹುಡುಗಿಯ ಕಡೆ ನೋಡಿದಳು. ಹುಡುಗಿ ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ನಂಬಿಕಸ್ಥರು ಬೇಕು ಅಂದಿದ್ದೆ," ಎಂದರು ಮ್ಯಾನೇಜರು, ದನಿ ಏರಿಸದೆ. "ಈ ತಿಂಗಳ ಕೊನೆವರೆಗೆ ಬನ್ನಿ."

ಸಂಜೆ ಅತ್ತೆ ಚಪ್ಪಲಿ ಬಿಟ್ಟವಳೇ ಮಾವನ ಎದುರಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮಾವ ಮಂಡಿಯ ಮೇಲೆ ಬಿಸಿನೀರಿನ ಚೀಲ ಒತ್ತಿಕೊಂಡಿದ್ದರು.

"ಅವನ ಬಾಯಿಗೆ ಮಣ್ಣು ಬೀಳ. ಬಚ್ಚಿಟ್ಟೆ ಅಂತಾನಾ? ನೀನಾ?"

"ಒಂದು ದಿನ ಬಚ್ಚಿಟ್ಟೆ. ಮಂಗಳವಾರ. ಗೊತ್ತಿದ್ದೂ ಹೇಳ್ಲಿಲ್ಲ."

ಮಾವ ಚೀಲವನ್ನು ಇನ್ನೊಂದು ಮಂಡಿಗೆ ಸರಿಸಿದರು. "ಒಂದು ದಿನ ತಾನೆ. ಅದಕ್ಕೆ ಮುಂಚೆ ಆ ಹುಡುಗಿ ಕೇಳಿದಾಗ ನಿಂಗೆ ನೆನಪಿರ್ಲಿಲ್ಲ. ಅಷ್ಟೇ."

"ಹಾಗಂತಲೇ ಹೇಳ್ದೆ ಅವರಿಗೆ." ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಬಸ್ಸಲ್ಲಿ ಬರ್ತಾ ಅದನ್ನೇ ಯೋಚನೆ ಮಾಡ್ತಿದ್ದೆ. ಅವಳು ಕೇಳಿದ ತಕ್ಷಣ ಇಲ್ಲ ಅಂದುಬಿಟ್ಟೆ. ಬೇರೆ ಎಲ್ಲಾದಕ್ಕೂ ಕೂತು ನೆನಪು ಮಾಡ್ಕೊಂಡು ಹೇಳಿದೋಳು, ಅದೊಂದಕ್ಕೆ ಯೋಚನೇನೇ ಮಾಡ್ಲಿಲ್ಲ. ಮರೆತಿದ್ನಾ, ಬೇಕಂತಲೇ ಬಿಟ್ನಾ, ನಂಗೇ ತಿಳೀತಿಲ್ಲ."

ಮಾವ ಆರಿದ ಚೀಲವನ್ನು ಮಂಡಿಯಿಂದ ತೆಗೆದು ಕೆಳಗಿಟ್ಟರು. ಎರಡರಲ್ಲಿ ಯಾವುದಾದರೊಂದನ್ನು ಅವರು ಹೇಳಿಬಿಟ್ಟರೆ ಸಾಕು, ಅದನ್ನೇ ನಂಬಿಬಿಡುತ್ತೇನೆ ಎನ್ನುವಂತೆ ಅತ್ತೆ ಅವರ ಮುಖವನ್ನೇ ನೋಡುತ್ತ ಕೂತಳು.