ಟೇಪಕ್ಕನ ‘ಆಯ್ತು’

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಮಂಚ ಮುಟ್ಟದವನಿಗೆ ಶಾಕಿಲ್ಲ! ಮೂರನೆಯ ತುಂಡು ಹಿರಿಯರದ್ದಲ್ಲ, ಆಸ್ಪತ್ರೆಯ ತುರ್ತು ವಿಭಾಗದ ಆಯಾ ಟೇಪಕ್ಕನದ್ದು. ಗಾದೆ ತಿರುಚಿದ್ದು ನಿಜ. ಮುಂದಿನದನ್ನು ಒಂದೆಳೆಯೂ ತಿರುಚಿಲ್ಲ.

ಬೆಳಗಿನ ಆರು ಗಂಟೆ. ಮೂರನೇ ಮಂಚದ ಪರದೆಯೊಳಗೆ ಟೇಪಕ್ಕ ಒಬ್ಬ ಕ್ಷೌರಿಕರ ಎದೆ ಬೋಳಿಸುತ್ತಿದ್ದಾರೆ. ಮಲಗಿರುವವರು ಕತ್ತರಿ ಹಿಡಿದೇ ನಲವತ್ತು ವರ್ಷ. ಸುಮ್ಮನಿರುತ್ತಾರೆಯೇ?

“ಅಕ್ಕಾ, ಅದು ಎದೆ, ಪಾತ್ರೆ ತಳ ಅಲ್ಲ. ಕೂದಲು ಮಲಗಿದ ಕಡೆಗೇ ಎಳೀರಿ.”

“ನಿಮ್ಮ ಅಂಗಡೀಲಿ ನಿಮ್ಮ ಮಾತು, ಇಲ್ಲಿ ನನ್ನ ಮಾತು. ಅಲ್ಲಾಡಬೇಡಿ ಅಣ್ಣ, ಮೊಲೆ ಕುಯ್ದರೆ ನನ್ನ ಬೈಬೇಡಿ.”

ಕ್ಷೌರಿಕರ ಹೃದಯದ ಮೇಲಿನ ಕೋಣೆಗಳು ಬಡಿಯುವುದು ಬಿಟ್ಟು ನಡುಗುತ್ತಿವೆ; ತಾಳ ಎಲ್ಲೋ, ಮೇಳ ಎಲ್ಲೋ. ನಿದ್ದೆಮದ್ದು ಕೊಟ್ಟು, ಎದೆಗೆ ಅಂಟುಪಟ್ಟಿ ಹಚ್ಚಿ, ಒಂದು ಶಾಕ್ ಕೊಟ್ಟರೆ ತಾಳ ಹಿಡಿಯಬಹುದು. ಆದರೆ ತಾಳ ತಪ್ಪಿ ಎರಡು ದಿನ ದಾಟಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಭಯ. ಆಗ ಶಾಕ್ ಕೊಟ್ಟರೆ ಹೆಪ್ಪು ನೇರ ಮೆದುಳಿಗೆ ಸವಾರಿ ಹೊರಡಬಹುದು.

ಮೂರು ವಾರದ ಹಿಂದೆ, ಒಂದು ಶುಕ್ರವಾರ, ಇವರು ಮೊದಲು ಬಂದಾಗ ಎಲ್ಲರ ತಲೆ ಕೆಟ್ಟದ್ದು ಅಲ್ಲೇ. ಯಾವಾಗ ಶುರುವಾಯ್ತು ಅಂದರೆ ಇವರು “ಇವತ್ತು ಬೆಳಗ್ಗೆ” ಅನ್ನುತ್ತಾರೆ, ಹೆಂಡತಿ “ನಿನ್ನೆ” ಅನ್ನುತ್ತಾರೆ, ಬಾಮೈದ “ಭಾವ ಹುಟ್ಟಿದಾಗಿಂದ ಹೀಗೇ” ಅನ್ನುತ್ತಾನೆ. ಶಾಕ್ ಯಂತ್ರ ಆನ್ ಮಾಡಿಟ್ಟ ಡಾಕ್ಟರಮ್ಮ, ಯಾರನ್ನು ನಂಬುವುದೆಂದು ಮೂವರ ಮುಖವನ್ನೂ ನೋಡುತ್ತಾ ನಿಂತಿದ್ದರು. ಹಾಸಿಗೆಬಟ್ಟೆ ಮಡಚುತ್ತಿದ್ದ ಟೇಪಕ್ಕ ತಲೆ ಎತ್ತದೆ ಕೇಳಿದರು: “ಅಣ್ಣ, ಅಂಗಡಿ ಶಟರ್ ಒಂದೇ ಎಳೆತಕ್ಕೆ ಎತ್ತಿದ್ದು ಕೊನೆಗೆ ಯಾವತ್ತು?”

“ಸೋಮವಾರ. ಆಮೇಲೆ ಪಕ್ಕದ ಟೈಲರೇ ಎತ್ತಿಕೊಡ್ತಾರೆ, ನಂಗೆ ಏದುಸಿರು.”

ಸೋಮವಾರದಿಂದ ಶುಕ್ರವಾರ: ಎರಡು ದಿನ ಎಂದೋ ದಾಟಿದೆ. ಡಾಕ್ಟರಮ್ಮ ಯಂತ್ರ ಆಫ್ ಮಾಡಿದರು. ರಕ್ತ ತೆಳುಮಾಡುವ ಮಾತ್ರೆ, ಮೂರು ವಾರ, ಒಂದು ಹೊತ್ತೂ ತಪ್ಪದೆ. ಆ ಲೆಕ್ಕ ಮುಗಿದು ಇವತ್ತು ಶಾಕಿನ ದಿನ.

“ಎದೆ ಯಾವಾಗ ಹಾರಿತು ಅಂತ ಯಾರಿಗೆ ಗೊತ್ತಿರತ್ತೆ? ಕೆಲಸ ಯಾವಾಗ ಕೈ ಕೊಡ್ತು ಅಂತ ಎಲ್ಲರಿಗೂ ಗೊತ್ತು,” ಅನ್ನುತ್ತಾರೆ ಟೇಪಕ್ಕ. ಹಿಂದೆ ಒಬ್ಬರು ‘ಇವತ್ತೇ’ ಅಂದಿದ್ದರು, ಎಲ್ಲರೂ ನಂಬಿದ್ದರು. ಶಾಕ್ ಆಗಿ ಮೂರನೇ ದಿನ ಹೆಪ್ಪು ಮೆದುಳಿಗೇರಿ, ಬಾಯಿ ಸೊಟ್ಟಗಾಗಿ ಮರಳಿ ಬಂದರು. “ಆ ಬಾಯಿ ಇನ್ನೂ ಕಣ್ಣಮುಂದೆ ಇದೆ.”

ಇಪ್ಪತ್ತೆರಡು ವರ್ಷದಿಂದ ಇದೇ ವಿಭಾಗ; ಮೊದಲ ಆರು ವರ್ಷ ನೆಲ ಒರೆಸಿದ್ದು. ಈಗ ಪಾಳಿಗೆ ಮೂವತ್ತು ಗಾಲಿಕುರ್ಚಿ, ನಲವತ್ತು ಹಾಸಿಗೆಬಟ್ಟೆ, ವಾರಕ್ಕೆ ಎರಡೋ ಮೂರೋ ಶಾಕ್, ದಿನವೂ ಎರಡು ಮೊಣಕಾಲು ನೋವು. ಮನೆಯಲ್ಲಿ ಮರೆವಿನ ಅತ್ತೆಯನ್ನು ಏಳು ವರ್ಷ ನೋಡಿಕೊಂಡರು. “ಊಟ ಆಯ್ತೇನೇ ನಂದು?” ಎಂದು ಅತ್ತೆಯ ನಡುಗುವ ದನಿಯನ್ನು ಅನುಕರಿಸುತ್ತಾರೆ. “ದಿನಕ್ಕೆ ಐವತ್ತು ಸಲ. ಕೊನೆಗೆ ‘ಆಯ್ತು’ ಅಂತ ಬರೆದು ಕೈಗೇ ಅಂಟಿಸಿದೆ. ಓದ್ಕೊಂಡು ಸುಮ್ಮನಾಗೋರು.”

ನಿದ್ದೆಮದ್ದು ಶಾಕಿನ ನೆನಪನ್ನೂ ಒರೆಸಿಬಿಡುತ್ತದೆ. ಎದ್ದವರೆಲ್ಲ ಅತ್ತೆಯಂತೆಯೇ ಕೇಳಿದ್ದೇ ಕೇಳುತ್ತಾರೆ. ಅವರ ಮಣಿಕಟ್ಟಿಗೂ ಒಂದು ತುಂಡು ಬಿಳಿ ಟೇಪು: ‘ಆಯ್ತು’, ಕೆಳಗೆ ಸಮಯ. ಟೇಪಕ್ಕ ಎಂಬ ಹೆಸರು ಬಂದದ್ದು ಹಾಗೆ.

ಆರು ನಲವತ್ತು. ಕ್ಷೌರಿಕರು ಮದ್ದಿನ ನಿದ್ದೆಯಲ್ಲಿ. ಟೇಪಕ್ಕ ಕೂಗುತ್ತಾರೆ: “ಎಲ್ಲ ಕೈ ಮೇಲೆ! ಡಾಕ್ಟರಮ್ಮ, ನಿಮ್ಮ ಸೊಂಟ ಮಂಚಕ್ಕೆ ತಾಗಿದೆ!” ಡಾಕ್ಟರಮ್ಮ ಹಿಂದೆ ಸರಿಯುತ್ತಾರೆ. ಒಂದು ಶಾಕ್. ಕ್ಷೌರಿಕರ ಮೈ ಮಂಚದ ಮೇಲೇ ಎಗರಿ ಬೀಳುತ್ತದೆ. ಯಂತ್ರದ ಪರದೆಯ ಮೇಲಿನ ಹುಚ್ಚು ಗೆರೆ ಒಂದು ಕ್ಷಣ ಯೋಚಿಸಿ, ಸಾಲಾಗಿ ನಡೆಯತೊಡಗುತ್ತದೆ. ಟೇಪಕ್ಕ ಮಣಿಕಟ್ಟಿಗೆ ಟೇಪು ಅಂಟಿಸುತ್ತಾರೆ.

“ಶಾಕ್ ಯಾವಾಗ ಕೊಡ್ತೀರಿ ಅಕ್ಕಾ?” ಕ್ಷೌರಿಕರು ಕಣ್ಣು ಬಿಡುತ್ತಾರೆ.

“ಕೈ ನೋಡ್ಕೊಳ್ಳಿ.”

“ಓ, ಆಯ್ತಾ?” ಎರಡು ನಿಮಿಷ ಬಿಟ್ಟು, “ಯಾವಾಗ ಕೊಡ್ತೀರಿ?”

ಮದ್ದಿನ ಮಂಪರು ಇಳಿದು ಏಳಕ್ಕೆ ಈ ಪಲ್ಲವಿ ನಿಲ್ಲಬೇಕು. ನಿಲ್ಲುವುದಿಲ್ಲ. ಏಳೂಕಾಲು: “ಯಾವಾಗ ಕೊಡ್ತೀರಿ?” ಏಳೂವರೆ: “ಯಾವಾಗ ಕೊಡ್ತೀರಿ ಅಕ್ಕಾ?” ಟೇಪಕ್ಕ ಅವರ ಕೈ ಎಳೆದುಕೊಳ್ಳುತ್ತಾರೆ. ಮಣಿಕಟ್ಟು ನೋಡಿದರೆ ಟೇಪೇ ಇಲ್ಲ. ತಾನು ಅಂಟಿಸಿದ್ದು ನಿಜವೋ ಸುಳ್ಳೋ? ಶಟರ್ ಕತೆ ಸರಿ ಕೇಳಿಸಿಕೊಂಡೆನೋ ಇಲ್ಲವೋ? ಮಾತ್ರೆ ಒಂದು ಹೊತ್ತು ತಪ್ಪಿತ್ತೋ? ಹೆಪ್ಪು ಹೊರಟೇಬಿಟ್ಟಿತೋ?

“ಸಿಸ್ಟರ್, ಡಾಕ್ಟರಮ್ಮನ್ನ ಕರೀರಿ! ಅಣ್ಣ, ಎರಡೂ ಕೈ ಎತ್ತಿ.” ಎತ್ತುತ್ತಾರೆ. “ನನ್ನ ಕೈ ಹಿಸುಕಿ.” ಹಿಸುಕುತ್ತಾರೆ. “ಈಗ ನಗಿ. ಹಲ್ಲು ಕಾಣೋ ಹಾಗೆ.” ಟೇಪಕ್ಕ ಅವರ ಬಾಯಿಯ ಮೇಲೇ ಬಗ್ಗುತ್ತಾರೆ.

ಕ್ಷೌರಿಕರು ನಗುತ್ತಾರೆ. ನಿಲ್ಲಿಸುವುದಿಲ್ಲ. ಮಂಚ ಗಡಗಡ ಅನ್ನುತ್ತದೆ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಡಾಕ್ಟರಮ್ಮನ ಜೊತೆ ಓಡಿಬಂದ ಸಿಸ್ಟರ್ ಟೇಪಕ್ಕನ ತೋಳು ತೋರಿಸುತ್ತಾರೆ. ಅಲ್ಲಿ ಅಂಟಿದೆ ಬಿಳಿ ತುಂಡು: ‘ಆಯ್ತು, ೬.೪೦.’

“ಏಳಕ್ಕೇ ಎಲ್ಲ ತಿಳೀತು ಅಕ್ಕಾ, ಟೇಪು ಕಿತ್ತು ಮೆಲ್ಲಗೆ ನಿಮ್ಮ ತೋಳಿಗೇ ಹಚ್ಚಿದೆ,” ಕ್ಷೌರಿಕರು ಕಣ್ಣೊರೆಸಿಕೊಳ್ಳುತ್ತಾರೆ. “ಎದೆ ಹಾಗೆ ಕೆರೆದದ್ದಕ್ಕೆ ಇಷ್ಟಾದರೂ ಬೇಡವಾ?”

“ನಿಮ್ಮ ಕತ್ತರಿ ಮೊಂಡಾಗ!” ಟೇಪಕ್ಕ ಮಂಚದ ಕಂಬಿ ಹಿಡಿದು ಕೂರುತ್ತಾರೆ. ಬರುವುದು ಅಳುವೋ ನಗುವೋ ಅವರಿಗೇ ತಿಳಿಯದು. ಬಂದದ್ದು ನಗು, ಕ್ಷೌರಿಕರದ್ದನ್ನು ಮುಳುಗಿಸಿ, ಐದನೇ ಮಂಚದವರೂ ಪರದೆ ಸರಿಸಿ ನೋಡುವಂಥ ನಗು. ನಡುನಡುವೆ ಉಸಿರು ಸಿಕ್ಕಾಗಲೆಲ್ಲ ಕ್ಷೌರಿಕರ ಬಾಯಿಯತ್ತ ಬೆರಳು ತೋರಿಸುತ್ತಾರೆ:

“ನೋಡಿ ಡಾಕ್ಟರಮ್ಮ, ಸಮ ಇದೆ! ಎರಡೂ ಕಡೆ ಸಮ!”